ರೇಸ್ ಕಾರಿಗೆ ಯಾವ ಬಣ್ಣ?

ಇಂಜಿನಿಯರಿಂಗ್ ಓದುವ ಅಕ್ಕ-ಅಣ್ಣಂದಿರು ತಾವೇ ಸೇರಿ ರೇಸ್ ಕಾರು ಕಟ್ಟುತ್ತಾರೆ, ಗೊತ್ತೇ? ಒಬ್ಬರೇ ಕೂರುವ, ಚಕ್ರಗಳು ಹೊರಗೇ ಕಾಣುವ ಪುಟ್ಟ ಕಾರು. ಇಂಥ ಕಾರುಗಳ ಸ್ಪರ್ಧೆ ಅಮೆರಿಕದಲ್ಲಿ ಶುರುವಾಗಿ ನಾಲ್ಕು ದಶಕ ದಾಟಿತು. ನಮ್ಮ ದೇಶದ ಸ್ಪರ್ಧೆಯ ಹೆಸರು ಫಾರ್ಮುಲಾ ಭಾರತ್. ಅದು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ನಡೆಯುತ್ತ ಬಂದಿದೆ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್, ಮಣಿಪಾಲದ ಫಾರ್ಮುಲಾ ಮಣಿಪಾಲ್ ತಂಡಗಳು ಇಂಥ ಕಾರು ಕಟ್ಟಿ ಹೆಸರಾಗಿವೆ.

ಕಾರು ಸಿದ್ಧವಾಗುವ ಹೊತ್ತಿಗೆ ಬಣ್ಣದ ಮಾತು ಬರುತ್ತದೆ. ಒಬ್ಬರಿಗೆ ಕೆಂಪು ಬೇಕು, ಇನ್ನೊಬ್ಬರಿಗೆ ನೀಲಿ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಬಣ್ಣ ಎಷ್ಟು ತೂಗುತ್ತದೆ?

ಬನ್ನಿ, ಲೆಕ್ಕ ಹಾಕೋಣ. ಕಾರಿನ ಹೊರಮೈ 4 ಚದರ ಮೀಟರ್ ಇದೆ ಅಂದುಕೊಳ್ಳಿ. ಕೆಳಗೊಂದು ಪ್ರೈಮರ್, ಅದರ ಮೇಲೆ ಬಣ್ಣ, ಕೊನೆಗೆ ಹೊಳಪಿನ ಪದರ. ಎಲ್ಲ ಒಣಗಿದ ಮೇಲೆ ಒಟ್ಟು ದಪ್ಪ 0.1 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು. ಅಳತೆಗಳನ್ನು ಗುಣಿಸಿದರೆ 400 ಮಿಲಿಲೀಟರ್ ಬಂತು. ಒಣಗಿದ ಬಣ್ಣ ನೀರಿಗಿಂತ ಭಾರ, ಹಾಗಾಗಿ ತೂಕ ಅರ್ಧ ಕಿಲೋ ಆಗಿಯೇ ಆಗುತ್ತದೆ. ಉಬ್ಬುತಗ್ಗು ಮುಚ್ಚಲು ಪುಟ್ಟಿ ಮೆತ್ತಿದರೆ ಇನ್ನೂ ಜಾಸ್ತಿ. ಈ ಕಾರುಗಳು 75 ಮೀಟರ್ ದೂರವನ್ನು ನಿಂತಲ್ಲಿಂದ ಹೊರಟು ಆದಷ್ಟು ಬೇಗ ಮುಟ್ಟಬೇಕು. ಎಂಜಿನ್‌ನ ಬಲ ಅಷ್ಟೇ ಇದ್ದು ತೂಕ ಹೆಚ್ಚಿದರೆ ವೇಗ ಏರುವುದು ನಿಧಾನ. ಅದಕ್ಕೇ ಬೋಲ್ಟ್‌ನಲ್ಲೂ ಗ್ರಾಂ ಉಳಿಸುವ ತಂಡ ಬಣ್ಣದಲ್ಲಿ ಅರ್ಧ ಕಿಲೋವನ್ನು ಸುಮ್ಮನೆ ಬಿಟ್ಟುಕೊಡುವುದಿಲ್ಲ.

ರಾಕೆಟ್ ಕಟ್ಟುವವರೂ ಇದೇ ಲೆಕ್ಕ ಮಾಡಿದರು. 1981ರಲ್ಲಿ ನಾಸಾದ ಸ್ಪೇಸ್ ಶಟಲ್ ಮೊದಲೆರಡು ಸಲ ಹಾರಿದಾಗ ಅದರ ದೊಡ್ಡ ಇಂಧನ ಟ್ಯಾಂಕು ಬೆಳ್ಳಗಿತ್ತು. ಆ ಬಿಳಿ ಬಣ್ಣ ಬೇಕಿಲ್ಲವೆಂದು ತಿಳಿದ ಮೇಲೆ ಬಳಿಯುವುದನ್ನೇ ಬಿಟ್ಟರು. ಸುಮಾರು 270 ಕಿಲೋ ಉಳಿಯಿತು! ಆಮೇಲಿನ ಚಿತ್ರಗಳಲ್ಲಿ ಟ್ಯಾಂಕು ಕಿತ್ತಳೆ-ಕಂದು ಬಣ್ಣಕ್ಕಿರುವುದು ಅದರಿಂದಲೇ. 2023ರಲ್ಲಿ ಮರ್ಸಿಡಿಸ್ ಫಾರ್ಮುಲಾ ಒನ್ ತಂಡ ಕೂಡ ತೂಕ ಇಳಿಸಲೆಂದೇ ಕಾರಿನ ಹಲವು ಭಾಗಗಳಿಗೆ ಬಣ್ಣ ಹಾಕದೆ ಕಾರ್ಬನ್ ಫೈಬರಿನ ಕಪ್ಪನ್ನೇ ಉಳಿಸಿಕೊಂಡಿತು.

ಹಾಗಾದರೆ ಕಾರ್ಬನ್ ಫೈಬರಿನ ಹೊರಮೈ ಇರುವ ಕಾರನ್ನು ಇಡೀ ಕಪ್ಪಾಗಿಯೇ ಬಿಡಬಹುದಲ್ಲ? ಇಲ್ಲಿ ಬಿಸಿಲು ಅಡ್ಡ ಬರುತ್ತದೆ. ಕಪ್ಪು ಮೈ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹೀರಿ ಕಾಯುತ್ತದೆ. ಬಿಳಿ ಮೈ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಕಾರ್ಬನ್ ಎಳೆಗಳನ್ನು ಅಂಟಿಸಿರುವ ರಾಳ ತೀರಾ ಕಾದರೆ ಮೆತ್ತಗಾಗುತ್ತದೆ. ಫೈಬರಿನಿಂದ ಮಾಡಿದ ಗ್ಲೈಡರ್ ವಿಮಾನಗಳು ಸಾಮಾನ್ಯವಾಗಿ ಬಿಳಿಯಾಗಿರುವುದು ಈ ಕಾರಣಕ್ಕೆ. ಕಾರಿನ ಒಳಗೆ ಬೆಂಕಿ ತಡೆಯುವ ದಪ್ಪ ಉಡುಪು ತೊಟ್ಟ ಚಾಲಕ ಬೇರೆ ಕೂತಿರುತ್ತಾರೆ. ಆದ್ದರಿಂದ ಬಿಸಿಲು ನೇರವಾಗಿ ಬೀಳುವ ಮೇಲ್ಭಾಗಕ್ಕೆ ತೆಳ್ಳಗೆ ಬಿಳಿ, ಕೆಳಭಾಗಕ್ಕೆ ಬರೀ ಕಾರ್ಬನ್ನಿನ ಕಪ್ಪು. ನನಗೆ ಸರಿ ಕಾಣುವ ವಿನ್ಯಾಸ ಇದೇ. ಇದರಲ್ಲಿ ಇನ್ನೊಂದು ಲಾಭವಿದೆ: ಕೆಳಗಿನ ಕಪ್ಪು ರಸ್ತೆಯ ಬಣ್ಣದಲ್ಲಿ ಬೆರೆತು ಕಾರು ಇನ್ನಷ್ಟು ತಗ್ಗಾಗಿ ಕಾಣುತ್ತದೆ.

ಇಷ್ಟಾದ ಮೇಲೆ ಅಲಂಕಾರ. ಹಗಲು ಬೆಳಕಿನಲ್ಲಿ ನಮ್ಮ ಕಣ್ಣು ಅತಿ ಚುರುಕಾಗಿ ಗುರುತಿಸುವುದು ಹಳದಿ ಬೆರೆತ ಹಸಿರನ್ನು. ಮೂತಿಗೆ ಆ ಬಣ್ಣದ ಒಂದು ಪಟ್ಟೆ ಎಳೆದರೆ ದೂರದಿಂದಲೇ ಗೊತ್ತಾಗುತ್ತದೆ.

ಎಷ್ಟೇ ಚೆನ್ನಾಗಿ ಬಣ್ಣ ಬಳಿದರೂ ಕಾರಿನ ನಂಬರು ಕಾಣದಿದ್ದರೆ ಉಪಯೋಗವಿಲ್ಲ. ಓಡುವ ಕಾರು ಯಾರದೆಂದು ತೀರ್ಪುಗಾರರಿಗೆ ಹೇಳುವುದು ಅದೇ. ಅದಕ್ಕಾಗಿಯೇ ಅಂಕಿಗಳು ಕನಿಷ್ಠ 15 ಸೆಂಟಿಮೀಟರ್ ಎತ್ತರ ಇರಬೇಕೆಂಬ ನಿಯಮವಿದೆ. ಕಡುನೀಲಿಯ ಮೇಲೆ ನೇರಳೆ ಅಂಕಿ ಹತ್ತಿರದಿಂದ ಸೊಗಸು, ದೂರ ಹೋದರೆ ಮಾಯ. ಎರಡು ಬಣ್ಣ ಬೇರೆಯಾಗಿದ್ದರೆ ಸಾಲದು, ಒಂದು ತಿಳಿಯಾಗಿ ಇನ್ನೊಂದು ಗಾಢವಾಗಿರಬೇಕು.

ನೀವೂ ಒಂದು ರೇಸ್ ಕಾರಿನ ಚಿತ್ರ ಬರೆದು ಬಣ್ಣ ತುಂಬಿ ಗೋಡೆಗೆ ಅಂಟಿಸಿ. ಗೆಳತಿಯನ್ನೋ ಗೆಳೆಯನನ್ನೋ ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸಿ ನಂಬರು ಓದಲು ಹೇಳಿ. ತಡವರಿಸಿದರೆ ಬಣ್ಣ ಬದಲಿಸಿ ಮತ್ತೆ ನೋಡಿ.