ಗೋಪುರ, ರಂಗ, ತೆರೆ: ಮುಂಬಯಿಯ ನಾಲ್ವರು ಜೈನ ವರ್ತಕರು

(ದಶಲಕ್ಷಣ ಪರ್ವದ ಉತ್ತಮ ಶೌಚ ದಿನದಂದು ಮುಂಬಯಿಯ ಕನ್ನಡ ಜೈನ ಬಂಧುಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ದಶಧರ್ಮಗಳಲ್ಲಿ ಇಂದಿನದು ಶೌಚ. ಶೌಚವೆಂದರೆ ಸ್ನಾನ, ಮಡಿ ಎಂದು ಲೋಕರೂಢಿ. ಲೋಭದ ಕೊಳೆಯನ್ನು ಕಳೆದುಕೊಳ್ಳುವುದೇ ಶೌಚವೆಂದು ನಮ್ಮ ಆಚಾರ್ಯರು ಹೇಳಿದ್ದಾರೆ. ಹಣದ ನಗರವಾದ ಮುಂಬಯಿಯಲ್ಲಿ ಶೌಚದ ಮಾತನಾಡುವಾಗ ಶಾಸ್ತ್ರವಾಕ್ಯಗಳಿಗಿಂತ ಮನುಷ್ಯರ ಬದುಕನ್ನು ಮುಂದಿಡುವುದು ಲೇಸು. ಆದ್ದರಿಂದ ಇದೇ ನಗರದಲ್ಲಿ ವ್ಯವಹಾರ ನಡೆಸಿದ ನಾಲ್ವರು ಜೈನ ವರ್ತಕರು ಇಂದಿನ ವಿಷಯ. ಒಬ್ಬರನ್ನು ಜನ ಗೋಪುರದಲ್ಲಿ ನೆನೆಯುತ್ತಾರೆ, ಒಬ್ಬರನ್ನು ರಂಗಭೂಮಿಯಲ್ಲಿ, ಒಬ್ಬರನ್ನು ಮೊಬೈಲಿನ ತೆರೆಯಲ್ಲಿ. ನಾಲ್ಕನೆಯವರನ್ನು ನೆನೆಯುವವರು ವಿರಳ. ಯಾರನ್ನು, ಏತಕ್ಕಾಗಿ ನೆನೆಯುತ್ತೇವೆ ಎಂಬುದರಲ್ಲಿ ನಮ್ಮ ಸಮಾಜದ ನಾಳೆ ಅಡಗಿರುವುದರಿಂದ ಈ ವಿಚಾರ.

ಚರ್ಚ್‌ಗೇಟ್ ನಿಲ್ದಾಣದಿಂದ ಹೊರಬಂದು ಓವಲ್ ಮೈದಾನದ ಅಂಚಿನಲ್ಲಿ ನಿಂತರೆ ಎದುರಿಗೆ ಕಾಣುವುದು ರಾಜಾಬಾಯಿ ಗೋಪುರ. ಎತ್ತರ ಸುಮಾರು 280 ಅಡಿ. ವಿನ್ಯಾಸ ಇಂಗ್ಲೆಂಡಿನ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಅವರದು. 1869ರಲ್ಲಿ ಅಡಿಗಲ್ಲು, 1878ರಲ್ಲಿ ಪೂರ್ಣ. ಗೋಪುರದ ಹೆಸರಿನ ರಾಜಾಬಾಯಿ ಜೈನ ತಾಯಿ; ದಾನ ಕೊಟ್ಟವರು ಆಕೆಯ ಮಗ ಪ್ರೇಮಚಂದ್ ರಾಯಚಂದ್. ಆ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ವ್ರತ ಕೆಡದಿರಲೆಂದು ಮಗ ಗಂಟೆಯ ಗೋಪುರವನ್ನೇ ಕಟ್ಟಿಸಿದ ಎಂಬ ಕಥೆಯನ್ನು ಮುಂಬಯಿಯ ಮನೆಮನೆಯಲ್ಲಿ ಹೇಳುತ್ತಾರೆ. ರಾತ್ರಿಭೋಜನ ತ್ಯಾಗ, ಮಾತೃಭಕ್ತಿ, ದಾನ ಮೂರನ್ನೂ ಒಂದೇ ಕಥೆಯಲ್ಲಿ ಕೂಡಿಸಿ ಹೇಳಲು ಬರುವುದರಿಂದ ನಮ್ಮ ಪಾಠಶಾಲೆಗಳಲ್ಲಿಯೂ ಅದಕ್ಕೆ ಸ್ಥಾನ ದೊರೆತಿದೆ.

ಕಥೆಯ ಹಿಂದೆ ಒಂದು ಲೆಕ್ಕವಿದೆ. 1831ರಲ್ಲಿ ಹುಟ್ಟಿದ ಪ್ರೇಮಚಂದರು ಇಂಗ್ಲಿಷ್ ಬಲ್ಲ ಮೊದಲ ತಲೆಮಾರಿನ ಷೇರು ದಲಾಲರಲ್ಲಿ ಒಬ್ಬರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ತಲುಪದಾದಾಗ, ನಮ್ಮ ಧಾರವಾಡ, ಬಳ್ಳಾರಿ, ಖಾನದೇಶಗಳ ಹತ್ತಿಗೆ ಬೆಲೆ ಬಂದಿತು. ಆ ಹಣ ಮುಂಬಯಿಗೆ ಹರಿದು ಬಂದು ಷೇರುಗಳ ಮೇಲೆ ಬಿದ್ದಿತು. ಸಮುದ್ರವನ್ನು ಹಿಮ್ಮೆಟ್ಟಿಸಿ ನೆಲ ಮಾಡಲು ಹುಟ್ಟಿದ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು 50,000ದವರೆಗೆ ಏರಿತು. 1863ರ ಕಾಯ್ದೆಯಿಂದಾಗಿ ಬ್ಯಾಂಕ್ ಆಫ್ ಬಾಂಬೆಗೆ ಷೇರುಗಳ ಆಧಾರದ ಮೇಲೆ ಸಾಲ ಕೊಡುವ ಅವಕಾಶ ದೊರೆಯಿತು. ಯಾರಿಗೆ ಸಾಲ, ಎಷ್ಟು ಸಾಲ ಎಂಬುದರಲ್ಲಿ ಪ್ರೇಮಚಂದರ ಮಾತು ಬ್ಯಾಂಕಿನ ಅಧಿಕಾರಿಗಳಿಗೆ ಅಪ್ಪಣೆಯಂತೆ ನಡೆಯತೊಡಗಿತು. ಸಾಲದಿಂದ ಷೇರು ಏರುವುದು, ಏರಿದ ಷೇರನ್ನೇ ಒತ್ತೆಯಿಟ್ಟು ಮತ್ತೆ ಸಾಲ ಪಡೆಯುವುದು. ಈ ಚಕ್ರ ತಿರುಗತೊಡಗಿತು.

1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಮುಗಿದ ಸುದ್ದಿ ಬಂದೊಡನೆ ಹತ್ತಿಯ ಬೆಲೆ ಕುಸಿಯಿತು. ಜುಲೈ 1 ಮುಂಗಡ ವ್ಯವಹಾರಗಳ ಪಾವತಿಯ ದಿನ. ಕೊಡಬೇಕಾದವರ ಕೈಯಲ್ಲಿ ಹಣವಿರಲಿಲ್ಲ. ಬ್ಯಾಕ್ ಬೇ ಷೇರು 2,000ಕ್ಕಿಂತ ಕೆಳಗಿಳಿಯಿತು. ಬ್ಯಾಂಕ್ ಆಫ್ ಬಾಂಬೆ ತನ್ನ ಬಂಡವಾಳದ ಬಹುಪಾಲು ಕಳೆದುಕೊಂಡು 1868ರಲ್ಲಿ ಮುಚ್ಚಿತು. ಸರ್ಕಾರ ವಿಚಾರಣಾ ಆಯೋಗವನ್ನು ನೇಮಿಸಿತು. ಸೇಠರ ಜೊತೆಗೆ ವಿಧವೆಯರೂ ಗುಮಾಸ್ತರೂ ನಿವೃತ್ತರೂ ಮುಳುಗಿದರು.

ಈಗ ಗೋಪುರದ ದಿನಾಂಕವನ್ನು ಗಮನಿಸಬೇಕು. ಗ್ರಂಥಾಲಯಕ್ಕೆ ಎರಡು ಲಕ್ಷ, ಗೋಪುರಕ್ಕೆ ಎರಡು ಲಕ್ಷ ರೂಪಾಯಿಗಳನ್ನು ಪ್ರೇಮಚಂದರು ವಿಶ್ವವಿದ್ಯಾಲಯಕ್ಕೆ ಕೊಟ್ಟದ್ದು 1864ರಲ್ಲಿ, ಉಬ್ಬರ ತುದಿಗೇರಿದ್ದ ವರ್ಷ. ಆ ದಾನ ಕಪಟವೆಂದು ಹೇಳುವುದು ಅನ್ಯಾಯ. ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಅವರು ಕೊಟ್ಟ ಎರಡು ಲಕ್ಷದಿಂದ ಹುಟ್ಟಿದ ವಿದ್ಯಾರ್ಥಿವೇತನ ಅನೇಕ ಪ್ರತಿಭಾವಂತರನ್ನು ಬೆಳೆಸಿತು. ಆಶುತೋಷ ಮುಖರ್ಜಿ ಅವರಲ್ಲಿ ಒಬ್ಬರು. ಕುಸಿತದ ಅನಂತರವೂ ಪ್ರೇಮಚಂದರು ಊರು ಬಿಡಲಿಲ್ಲ. 1875ರಲ್ಲಿ ದೇಶೀಯ ಷೇರು ದಲಾಲರ ಸಂಘ ರೂಪುಗೊಂಡಾಗ ಅದರಲ್ಲಿ ಭಾಗಿಗಳಾದರು. ಇದೆಲ್ಲ ಅವರ ಜಮೆಯ ಬದಿಗೆ ಸೇರತಕ್ಕದ್ದು. ಖರ್ಚಿನ ಬದಿಯಲ್ಲಿ ಮುಳುಗಿದ ಬ್ಯಾಂಕೂ ಇದೆ. ಗೋಪುರದ ಕಥೆಯಲ್ಲಿ ಮೊದಲನೆಯದು ಮಾತ್ರ ಉಳಿದು ಎರಡನೆಯದು ಅಳಿಸಿಹೋಗಿದೆ. ದಾನ ಗಳಿಕೆಯನ್ನು ತೊಳೆಯುತ್ತದೆ ಎಂಬ ನಂಬಿಕೆ ಮಕ್ಕಳಲ್ಲಿ ಮೂಡುವುದು ಇಂತಹ ಅರ್ಧ ಕಥೆಗಳಿಂದಲೇ.

ಎರಡನೆಯವರು ಶ್ರೀಮದ್ ರಾಜಚಂದ್ರರು, ಗಾಂಧೀಜಿಯವರ ರಾಯಚಂದಭಾಯಿ. ಸೌರಾಷ್ಟ್ರದ ವವಾಣಿಯಾದಲ್ಲಿ 1867ರಲ್ಲಿ ಜನನ, 1901ರಲ್ಲಿ 33ರ ಹರೆಯದಲ್ಲಿ ನಿಧನ. 1887ರಲ್ಲಿ ಮುಂಬಯಿಯ ಫ್ರಾಮ್‌ಜಿ ಕಾವಸ್‌ಜಿ ಸಭಾಂಗಣದಲ್ಲಿ ಶತಾವಧಾನ ಮಾಡಿ ಇಡೀ ನಗರವನ್ನು ಬೆರಗುಗೊಳಿಸಿದಾಗ ಅವರಿಗೆ ವಯಸ್ಸು 19. ಕೀರ್ತಿ ಬಾಗಿಲಿಗೆ ಬಂದು ನಿಂತಿತ್ತು. ಅವರು ಅದನ್ನು ಸಾಧನೆಗೆ ಅಡ್ಡಿಯೆಂದು ಬಗೆದು ಪ್ರದರ್ಶನಗಳನ್ನೇ ಕೈಬಿಟ್ಟು, ಮುಂಬಯಿಯಲ್ಲಿ ವಜ್ರ, ಮುತ್ತುಗಳ ವ್ಯಾಪಾರದಲ್ಲಿ ಪಾಲುದಾರರಾದರು.

1891ರಲ್ಲಿ ಬ್ಯಾರಿಸ್ಟರಾಗಿ ಹಡಗಿನಿಂದ ಇಳಿದ ಗಾಂಧೀಜಿ ಅವರನ್ನು ಕಂಡದ್ದು ಇದೇ ಮುಂಬಯಿಯಲ್ಲಿ. ಲಕ್ಷಗಟ್ಟಲೆ ವ್ಯವಹಾರ ನಡೆಸುವ ಗದ್ದಿಗೆಯ ಮೇಲೆ ಒಂದು ಧರ್ಮಗ್ರಂಥ ಮತ್ತು ಒಂದು ದಿನಚರಿ ಸದಾ ಇರುತ್ತಿದ್ದುದನ್ನೂ, ವ್ಯವಹಾರದ ಮಾತು ಮುಗಿದ ಕ್ಷಣವೇ ಅವರು ಅವುಗಳಿಗೆ ಮರಳುತ್ತಿದ್ದುದನ್ನೂ ಗಾಂಧೀಜಿ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ತಮ್ಮ ಬದುಕಿನ ಮೇಲೆ ಆಳವಾದ ಪ್ರಭಾವ ಬೀರಿದ ಮೂವರಲ್ಲಿ ಟಾಲ್‌ಸ್ಟಾಯ್, ರಸ್ಕಿನ್‌ರ ಜೊತೆಗೆ ಅವರು ಇರಿಸಿದ್ದು ಈ ಜವಾಹಿರಿ ವ್ಯಾಪಾರಿಯನ್ನೇ.

ಇವರ ಕುರಿತು ಜನರ ಬಾಯಲ್ಲಿರುವ ಕಥೆ ಬೇರೆ ಬಗೆಯದು. ನಿಗದಿತ ಬೆಲೆಗೆ ಮಾಲು ಕೊಡುವೆನೆಂದು ಒಬ್ಬ ವ್ಯಾಪಾರಿ ಇವರಿಗೆ ಕರಾರು ಬರೆದುಕೊಟ್ಟಿದ್ದ. ಬೆಲೆ ಏಕಾಏಕಿ ಏರಿತು. ಕರಾರಿನಂತೆ ನಡೆದರೆ ಆತನ ಸಂಸಾರ ಬೀದಿಗೆ ಬರುತ್ತಿತ್ತು. ರಾಜಚಂದ್ರರು ಆ ಕಾಗದವನ್ನು ಹರಿದು ಹಾಕಿದರಂತೆ. ಕಥೆಯ ವಿವರಗಳನ್ನು ಹೇಳುವವರು ಬದಲಿಸಬಹುದು. ಅದರ ತಿರುಳು ಮಾತ್ರ ಬದಲಾಗದು. ಇಲ್ಲಿ ಧರ್ಮ ಕಾಣುವುದು ಗಳಿಸಿದ ಮೇಲೆ ಕೊಟ್ಟ ದಾನದಲ್ಲಲ್ಲ, ಗಳಿಸುವ ಕ್ಷಣದಲ್ಲಿಯೇ ಬಿಟ್ಟುಕೊಟ್ಟ ಲಾಭದಲ್ಲಿ. 2016ರಲ್ಲಿ ಮುಂಬಯಿಯಲ್ಲಿ ಆರಂಭವಾದ ‘ಯುಗಪುರುಷ’ ನಾಟಕ ರಾಜಚಂದ್ರರ ಮತ್ತು ಗಾಂಧೀಜಿಯವರ ಸಂಬಂಧವನ್ನು ರಂಗದ ಮೇಲೆ ತಂದು, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪ್ರದರ್ಶನ ಕಂಡಿತು. ಜನಪ್ರಿಯ ಕಲೆಯಿಂದಲೂ ಒಳಿತಾಗಬಲ್ಲದೆಂಬುದಕ್ಕೆ ಇದು ನಿದರ್ಶನ.

ಮೂರನೆಯವರ ಹೆಸರು ಹೇಳಿದೊಡನೆ ಸಭೆಯ ತರುಣರು ಕಿವಿ ನಿಮಿರಿಸುವರು: ಹರ್ಷದ್ ಮೆಹ್ತಾ. ರಾಜಕೋಟ ಜಿಲ್ಲೆಯ ಜೈನ ಕುಟುಂಬದಲ್ಲಿ 1954ರಲ್ಲಿ ಹುಟ್ಟಿ, ಸಾಮಾನ್ಯ ನೌಕರಿಗಳಿಂದ ದಲಾಲ್ ಸ್ಟ್ರೀಟಿನ ನೆತ್ತಿಗೇರಿದವರು. 1991ರ ಆರಂಭದಲ್ಲಿ 1,000ದ ಸುತ್ತಲಿದ್ದ ಸೆನ್ಸೆಕ್ಸ್ 1992ರ ಏಪ್ರಿಲ್‌ನಲ್ಲಿ 4,400 ದಾಟಿತ್ತು. ಅದೇ ತಿಂಗಳ 23ರಂದು ಪತ್ರಕರ್ತೆ ಸುಚೇತಾ ದಲಾಲರ ವರದಿಯಿಂದ ಹಗರಣ ಬಯಲಾಯಿತು.

ತಂತ್ರ ಸರಳವಾಗಿತ್ತು. ಸರ್ಕಾರಿ ಸಾಲಪತ್ರಗಳನ್ನು ಬ್ಯಾಂಕುಗಳು ಅಲ್ಪಾವಧಿಗೆ ಮಾರಿ ಮರಳಿ ಕೊಳ್ಳುತ್ತಿದ್ದವು. ಪತ್ರಗಳನ್ನೇ ಕೈಗೆ ಕೊಡುವ ಬದಲು ‘ಬ್ಯಾಂಕ್ ರಸೀತಿ’ಯನ್ನು ಕೊಡುವ ರೂಢಿ ಬೆಳೆದಿತ್ತು. ಹಿಂದೆ ಪತ್ರಗಳೇ ಇಲ್ಲದ ರಸೀತಿಗಳೂ ಹುಟ್ಟಿದವು. ದಲಾಲರ ಕೈ ದಾಟುವ ಬ್ಯಾಂಕುಗಳ ಹಣ ನಡುವೆಯೇ ಷೇರುಪೇಟೆಗೆ ಹರಿಯಿತು. ರಿಸರ್ವ್ ಬ್ಯಾಂಕ್ ನೇಮಿಸಿದ ಜಾನಕಿರಾಮನ್ ಸಮಿತಿ ಇಡೀ ಹಗರಣದ ಮೊತ್ತವನ್ನು 4,000 ಕೋಟಿಗೂ ಮಿಕ್ಕಿ ಲೆಕ್ಕಹಾಕಿತು. ಬ್ಯಾಂಕ್ ಆಫ್ ಕರಾಡ್ ಮುಚ್ಚಿಹೋಯಿತು. ನಮ್ಮ ಕರಾವಳಿಯಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಅಂದಿನ ಅಧ್ಯಕ್ಷರು ಆ ದಿನಗಳಲ್ಲಿ ಪ್ರಾಣ ಕಳೆದುಕೊಂಡರು. ಮುಂಬಯಿಯ ಕನ್ನಡಿಗರು ಆ ನೋವನ್ನು ಮರೆತಿಲ್ಲ. ಮೆಹ್ತಾ 1999ರಲ್ಲಿ ಒಂದು ಪ್ರಕರಣದಲ್ಲಿ ಶಿಕ್ಷೆಗೊಳಗಾದರು. 2001ರ ಡಿಸೆಂಬರ್ 31ರಂದು, 47ರ ವಯಸ್ಸಿನಲ್ಲಿ, ಬಂಧನದಲ್ಲಿರುವಾಗಲೇ ತೀರಿಕೊಂಡರು.

ಇಷ್ಟಾಗಿ ಹತ್ತೊಂಬತ್ತು ವರ್ಷ ಕಳೆಯುವ ಮುನ್ನ ಏನಾಯಿತು? 2020ರ ಅಕ್ಟೋಬರಿನಲ್ಲಿ ಹನ್ಸಲ್ ಮೆಹ್ತಾ ನಿರ್ದೇಶನದ ‘ಸ್ಕ್ಯಾಮ್ 1992’ ಧಾರಾವಾಹಿ ಬಂದಿತು. ಅದು ಒಳ್ಳೆಯ ಕೃತಿ. ವರದಿಗಾರ್ತಿಯ ಧೈರ್ಯವನ್ನೂ ಬ್ಯಾಂಕುಗಳ ಪಾಪವನ್ನೂ ಮರೆಮಾಚದೆ ತೋರಿಸಿತು. ಆದರೆ ನೋಡಿದವರು ಆಯ್ದುಕೊಂಡದ್ದು ಅದನ್ನಲ್ಲ. ಅದರ ಶೀರ್ಷಿಕೆಯ ಸಂಗೀತ ಮೊಬೈಲುಗಳ ರಿಂಗ್‌ಟೋನ್ ಆಯಿತು. ಅಪಾಯವನ್ನು ಪ್ರೇಮಕ್ಕೆ ಪ್ರಾಸ ಕೂಡಿಸುವ ಅದರ ಒಂದು ಮಾತು ಲಾಕ್‌ಡೌನಿನ ದಿನಗಳಲ್ಲಿ ಡಿಮ್ಯಾಟ್ ಖಾತೆ ತೆರೆದ ತರುಣರ ಮಂತ್ರವಾಯಿತು. ಘಾಟಕೋಪರ, ಮುಲುಂಡ, ಬೊರಿವಲಿಗಳಲ್ಲಿರುವ ನಮ್ಮ ಮನೆಗಳ ಹುಡುಗರೂ ಇದಕ್ಕೆ ಹೊರತಲ್ಲ. ‘ಕೊನೆಗೂ ಅವನೇ ಬುದ್ಧಿವಂತ, ಸಿಕ್ಕಿಬಿದ್ದದ್ದು ದುರದೃಷ್ಟ’ ಎಂಬ ಮಾತು ಊಟದ ಪಂಕ್ತಿಯಲ್ಲಿ ಕೇಳಿಬಂದಾಗ ಹಿರಿಯರು ನಗುತ್ತಾರೆ. ಆ ನಗೆಯೇ ಅನುಮೋದನೆ. ಕೃತ, ಕಾರಿತ, ಅನುಮೋದನ ಎಂಬ ಮೂರರಿಂದಲೂ ಕರ್ಮಬಂಧವುಂಟೆಂದು ಪ್ರತಿಕ್ರಮಣದಲ್ಲಿ ಹೇಳುವವರು ನಾವೇ ಅಲ್ಲವೆ?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಉಮಾಸ್ವಾಮಿಗಳು ಎಣಿಸಿದ್ದಾರೆ. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು ಅವುಗಳಲ್ಲೊಂದು. ಕೊಳ್ಳುವಾಗ ಒಂದು, ಮಾರುವಾಗ ಇನ್ನೊಂದು ಅಳತೆ ಬಳಸುವುದು ಮತ್ತೊಂದು. ನಿಜದ ಬದಲು ಅದರಂತೆ ತೋರುವುದನ್ನು ಕೊಡುವುದು, ಅಂದರೆ ಪ್ರತಿರೂಪಕ ವ್ಯವಹಾರ, ಇನ್ನೊಂದು. ಹಿಂದೆ ಪತ್ರವಿಲ್ಲದ ರಸೀತಿಗೆ ಇದಕ್ಕಿಂತ ತಕ್ಕ ಹೆಸರು ಯಾವ ಕಾನೂನಿನ ಪುಸ್ತಕದಲ್ಲಿದೆ? ಆಲೂಗಡ್ಡೆ, ಬೆಳ್ಳುಳ್ಳಿಗಳ ತ್ಯಾಗದಲ್ಲಿ ಇರುವ ಎಚ್ಚರ ಈ ಅತಿಚಾರಗಳ ವಿಷಯದಲ್ಲಿಯೂ ಇದ್ದಿದ್ದರೆ ನಮ್ಮ ಸಮಾಜದ ಪ್ರತಿಷ್ಠೆ ಇನ್ನೂ ಎತ್ತರದಲ್ಲಿರುತ್ತಿತ್ತು.

ಇನ್ನು ನಾಲ್ಕನೆಯವರು: ದಾನವೀರ ಸೇಠ್ ಮಾಣಿಕಚಂದ್ ಹೀರಾಚಂದ್. ಸೂರತ್ತಿನಿಂದ ಬಂದು ಮುಂಬಯಿಯಲ್ಲಿ ಸೋದರರೊಡನೆ ಮುತ್ತಿನ ವ್ಯಾಪಾರ ಮಾಡಿದವರು, 1914ರಲ್ಲಿ ತೀರಿಕೊಂಡರು. ಇವರ ಹೆಸರಿನಲ್ಲಿ ಆಕಾಶ ಮುಟ್ಟುವ ಗೋಪುರವಿಲ್ಲ. ಸಿ.ಪಿ. ಟ್ಯಾಂಕಿನ ಹೀರಾಬಾಗ್ ಧರ್ಮಶಾಲೆ, ಪರವೂರಿನಿಂದ ಓದಲು ಬಂದ ಹುಡುಗರಿಗೆ ತಂದೆಯ ಹೆಸರಿನ ಜೈನ ಬೋರ್ಡಿಂಗ್, ಇಂತಹವು ಅವರ ಸ್ಮಾರಕಗಳು. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದ ಮಗಳು ಮಗನಬಾಯಿಯನ್ನು ಅವರು ಮೂಲೆಯಲ್ಲಿ ಕೂರಿಸಲಿಲ್ಲ, ಓದಿಸಿದರು. ಆಕೆ ಮುಂಬಯಿಯಲ್ಲಿ ಶ್ರಾವಿಕಾಶ್ರಮವನ್ನು ಕಟ್ಟಿ ನೂರಾರು ಹೆಣ್ಣುಮಕ್ಕಳಿಗೆ ಅಕ್ಷರ ಕೊಟ್ಟರು.

ಕನ್ನಡ ಜೈನರ ಮೇಲಂತೂ ಈ ಸೇಠರ ಋಣ ದೊಡ್ಡದು. 1883ರ ಸುಮಾರಿಗೆ ಅವರು ಯಾತ್ರಾರ್ಥವಾಗಿ ಮೂಡಬಿದಿರೆಗೆ ಹೋದಾಗ ಅಲ್ಲಿಯ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳ ಹಳೆಗನ್ನಡ ಲಿಪಿಯ ತಾಳೆಗರಿಗಳ ದರ್ಶನವಾಯಿತು. ದರ್ಶನಕ್ಕೆ ಮಾತ್ರ, ಓದುವವರಿರಲಿಲ್ಲ, ಗರಿಗಳು ಸವೆಯುತ್ತಿದ್ದವು. ಊರಿಗೆ ಮರಳಿದ ಸೇಠರು ಆ ಚಿಂತೆಯನ್ನು ಸೊಲ್ಲಾಪುರದ ಹೀರಾಚಂದ್ ನೇಮಚಂದರಿಗೆ ಹಚ್ಚಿದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳಂತಹ ವಿದ್ವಾಂಸರ ನೆರವಿನಿಂದ ಪ್ರತಿ ಮಾಡುವ ಕೆಲಸ ಆರಂಭವಾಗಿ, ದಶಕಗಳ ಅನಂತರ, 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಅಚ್ಚಾಯಿತು. ಸೇಠರ ನೆನಪಿಗಾಗಿ ಮುಂಬಯಿಯಲ್ಲಿ ಹುಟ್ಟಿದ ಗ್ರಂಥಮಾಲೆಯಲ್ಲಿ ನಮ್ಮ ಬೆಳಗಾವಿ ಸೀಮೆಯ ಸದಲಗಾದ ಆ.ನೇ. ಉಪಾಧ್ಯೆಯವರು ವರಾಂಗಚರಿತವನ್ನು ಸಂಪಾದಿಸಿದರು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ಕನ್ನಡಿಗರು ಸಾವಿರ ವರ್ಷಗಳಿಂದ ನೆನೆಯುತ್ತಿದ್ದಾರೆ. ಅದೇ ಸಾಲಿನ ಮಾಣಿಕಚಂದರ ಕುರಿತು ಒಂದು ಧಾರಾವಾಹಿಯಿಲ್ಲ, ನಾಟಕವಿಲ್ಲ, ನಮ್ಮ ಮಕ್ಕಳ ಪಾಠದಲ್ಲಿ ಒಂದು ಪುಟವೂ ಇಲ್ಲ. ತಾಳೆಗರಿ ಪ್ರತಿ ಮಾಡಿಸುವುದರಲ್ಲಿ ಏರಿಳಿತದ ರೋಮಾಂಚನವಿಲ್ಲದಿರುವುದೇ ಇದಕ್ಕೆ ಕಾರಣವಿರಬಹುದು.

ಸಿನಿಮಾದವರನ್ನು ದೂರಿ ಪ್ರಯೋಜನವಿಲ್ಲ. ಅವರು ತಮ್ಮ ಕಥೆಯನ್ನು ಆರಿಸಿಕೊಂಡರು. ನಮ್ಮದನ್ನು ನಾವು ಆರಿಸಿಕೊಳ್ಳಬೇಕು. ಇಂದು ನಮ್ಮ ಸಮಾರಂಭಗಳಲ್ಲಿ ‘ಸಮಾಜರತ್ನ’ ಯಾರು? ಅಭಿಷೇಕದ ಕಲಶದ ಸವಾಲಿನಲ್ಲಿ ಹೆಚ್ಚು ಕೂಗಿದವರು. ಆ ಹಣ ಎಲ್ಲಿಂದ ಬಂದಿತೆಂದು ಕೇಳುವುದು ಅಮಂಗಲವೆನಿಸಿದೆ. ಗೋಪುರದ ಅರ್ಧ ಕಥೆಯನ್ನೇ ನಾವು ವರ್ಷವರ್ಷವೂ ಹೊಸದಾಗಿ ಕಟ್ಟುತ್ತಿದ್ದೇವೆ.

ಆದ್ದರಿಂದ ಈ ಸಭೆಯ ಮುಂದೆ ಮೂರು ಸೂಚನೆಗಳು. ಮೊದಲನೆಯದು: ಈ ರಾಜ್ಯದ ಸಾರ್ವಜನಿಕ ನ್ಯಾಸಗಳ ಕಾಯ್ದೆಯಂತೆ ನಮ್ಮ ಬಸದಿ, ವಿದ್ಯಾರ್ಥಿನಿಲಯಗಳ ಲೆಕ್ಕ ಪರಿಶೋಧನೆಗೊಂಡು ಧರ್ಮಾದಾಯ ಆಯುಕ್ತರಿಗೆ ಹೋಗುತ್ತದೆ. ಅದೇ ಲೆಕ್ಕ ವರ್ಷಕ್ಕೊಮ್ಮೆ ಬಸದಿಯ ಗೋಡೆಯ ಮೇಲೆ, ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಬರಲಿ. ಎರಡನೆಯದು: ಸವಾಲಿನ ಮೊತ್ತವನ್ನೇ ನೋಡಿ ಪ್ರಶಸ್ತಿ ಕೊಡುವ ರೂಢಿ ನಿಲ್ಲಲಿ, ಕೂಲಿಯವರಿಗೆ, ಸಾಲಗಾರರಿಗೆ, ಸರ್ಕಾರಕ್ಕೆ ಕೊಡಬೇಕಾದುದನ್ನು ಕೊಟ್ಟ ಸಣ್ಣ ಅಂಗಡಿಯವನಿಗೂ ವೇದಿಕೆಯ ಮೇಲೆ ಸ್ಥಳವಿರಲಿ. ಮೂರನೆಯದು: ಪಾಠಶಾಲೆಯಲ್ಲಿ ಈ ನಾಲ್ವರ ಕಥೆಯನ್ನೂ, ಜಮೆ ಖರ್ಚು ಎರಡೂ ಬದಿಗಳೊಡನೆ, ಹೇಳಲಿ. ಹರ್ಷದ್ ಮೆಹ್ತಾ ಕಥೆಯನ್ನು ಮುಚ್ಚಿಡುವುದು ಬೇಡ. ಮುಚ್ಚಿಟ್ಟರೆ ಅದನ್ನು ಮಕ್ಕಳು ಒಬ್ಬರೇ ನೋಡುವರು. ಎದುರಿಗಿಟ್ಟರೆ ನಮ್ಮೊಡನೆ ಕುಳಿತು ನೋಡುವರು, ಮುಚ್ಚಿಹೋದ ಬ್ಯಾಂಕಿನ ಠೇವಣಿದಾರರ ಗತಿಯೇನಾಯಿತೆಂದು ಕೇಳುವರು.

ಪರ್ವ ಮುಗಿದು ಕ್ಷಮಾವಾಣಿಯ ದಿನ ಬರಲಿದೆ. ಅಂದು ಬಂಧುಗಳಲ್ಲಿ ಕ್ಷಮೆ ಬೇಡುವ ಮೊದಲು ಪ್ರತಿಯೊಬ್ಬ ಗೃಹಸ್ಥನೂ ತನ್ನ ಅಂಗಡಿಯ, ಕಚೇರಿಯ ಖಾತೆಯನ್ನು ಒಮ್ಮೆ ತೆರೆದು, ಇದರಲ್ಲಿ ಪ್ರತಿರೂಪಕ ವ್ಯವಹಾರದ ಒಂದು ಸಾಲಾದರೂ ಇದೆಯೇ ಎಂದು ನೋಡಿಕೊಂಡರೆ ಇಂದಿನ ಶೌಚ ಧರ್ಮದ ಆಚರಣೆ ಸಾರ್ಥಕ.