ಅಪ್ಪನ ಕೈ ಕಲಿಸಿದ ಲೆಕ್ಕ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)



ನಮ್ಮಪ್ಪ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿದ್ದವರು. ಟೆಲಿಫೋನಿನ ಸಣ್ಣ ಸಣ್ಣ ತಿರುಪು ಕೂರಿಸಿದ ಕೈ ಅವರದು. ನಿವೃತ್ತರಾದ ಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ಹೊತ್ತು ಹಿಡಿಯತೊಡಗಿತು. "ಬೇಗ ಹೊರಡಪ್ಪ" ಎಂದು ನಾನೇ ಗದರಿದ್ದೇನೆ. ಹಾಲಿನ ಲೆಕ್ಕ ಬರೆದರೆ ಸಾಲಿನ ಕೊನೆಗೆ ಅಕ್ಷರ ಸಾಸಿವೆ ಕಾಳಿನಷ್ಟಾಗುತ್ತಿತ್ತು. ಕೈ ನಡುಗುತ್ತಿರಲಿಲ್ಲವಲ್ಲ, ವಯಸ್ಸಾಯಿತು ಅಂದುಕೊಂಡು ಎರಡು ವರ್ಷ ಕಳೆದೆವು.

ಕೊನೆಗೆ ನಿಮ್ಹಾನ್ಸ್‌ಗೆ ಕರೆದೊಯ್ದೆವು. ವೈದ್ಯರು ತೋರುಬೆರಳನ್ನು ಹೆಬ್ಬೆರಳಿಗೆ ಹತ್ತು ಸಲ, ಆದಷ್ಟು ಅಗಲವಾಗಿ, ಬೇಗಬೇಗ ತಟ್ಟಲು ಹೇಳಿದರು. ಆಮೇಲೆ ಮುಷ್ಟಿ ಕಟ್ಟಿ ಬಿಡಿಸುವುದು, ಅಂಗೈಯನ್ನು ಮೇಲೆ ಕೆಳಗೆ ತಿರುಗಿಸುವುದು. ಎಡಗೈ ಹತ್ತೂ ಸಲ ಒಂದೇ ಸಮ. ಬಲಗೈ ನಾಲ್ಕನೆಯ ಸಲಕ್ಕೇ ಕಿರಿದಾಯಿತು, ಏಳಕ್ಕೆ ನಿಂತೇಬಿಟ್ಟಿತು. ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ. ನಮ್ಮ ಶಾಲೆಗೆ ತಿರುಗಾಮುರುಗಾ: ಇಲ್ಲಿ ಸೊನ್ನೆ ತೆಗೆದವನೇ ಜಾಣ!

ಇದು ಪಾರ್ಕಿನ್ಸನ್ ಕಾಯಿಲೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದರ ಬಗ್ಗೆ ಬರೆದರು. ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ಸಾಯುತ್ತವೆ; ಚಲನೆ ನಿಧಾನವಾಗುತ್ತದೆ, ಚಿಕ್ಕದಾಗುತ್ತದೆ. ಸಾಮಾನ್ಯವಾಗಿ ಒಂದು ಕಡೆಯಿಂದ ಶುರು. ನಡುಕವಿದ್ದರೆ, ಕೈ ಸುಮ್ಮನಿದ್ದಾಗ ಸೆಕೆಂಡಿಗೆ 4ರಿಂದ 6 ಸಲ. ಮೊಬೈಲಿನೊಳಗಿನ ಸಂವೇದಕವೂ ಅದನ್ನು ಎಣಿಸಬಲ್ಲದು. ಆದರೆ ಕೆಲವರಿಗೆ ನಡುಕವೇ ಇರುವುದಿಲ್ಲ.

ಒಂದೇ ಸಲ ಅಳೆದರೆ ಸಾಲದು ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಲೆವೊಡೋಪಾ ಮಾತ್ರೆಗೆ ಮುಂಚಿನ ಕೈ ಬೇರೆ, ಮಾತ್ರೆ ಹಿಡಿದ ಮೇಲಿನ ಕೈ ಬೇರೆ. ಅದಕ್ಕೇ ಒಂದು ನೋಟ್‌ಬುಕ್ ಇಟ್ಟೆವು: ಮಾತ್ರೆ ತೆಗೆದುಕೊಂಡ ಹೊತ್ತು, ಹತ್ತು ಸಲ ತಟ್ಟಲು ಹಿಡಿದ ಸೆಕೆಂಡು, ಅಪ್ಪನ ಕೈಯಲ್ಲೇ ಬರೆದ ಒಂದು ಸಾಲು. ಅದನ್ನು ನೋಡಿಯೇ ವೈದ್ಯರು ಮಾತ್ರೆಯ ಸಮಯ ಬದಲಿಸಿದರು. ಕಾಯಿಲೆ ವಾಸಿಯಾಗಿಲ್ಲ. ಆದರೆ ಮಧ್ಯಾಹ್ನದ ಊಟ ಈಗ ಅವರ ಕೈಯಿಂದಲೇ.

ಸ್ನೇಹಿತರೇ, ನಮ್ಮ ಅಕ್ಷರ ತಿದ್ದಿದ ಮೇಷ್ಟ್ರುಗಳು ಇಲ್ಲಿ ಕೂತಿದ್ದಾರೆ. ಮನೆಯಲ್ಲಿ ಹಿರಿಯರ ಅಕ್ಷರ ಕಿರಿದಾದರೆ, ನಡೆಯುವಾಗ ಒಂದು ಕೈ ಬೀಸದಿದ್ದರೆ, ಗದರಬೇಡಿ. ನರರೋಗ ತಜ್ಞರಿಗೆ ತೋರಿಸಿ.

ಅಪ್ಪ ಇವತ್ತು ಮುಂದಿನ ಸಾಲಿನಲ್ಲಿದ್ದಾರೆ. ಆ ಅಂಗಿಯ ಗುಂಡಿಗಳನ್ನು ಅವರೇ ಹಾಕಿಕೊಂಡದ್ದು. ನಾವು ಅರ್ಧ ಗಂಟೆ ಮುಂಚೆ ಹೊರಟೆವು, ಅಷ್ಟೇ.