ಗಜಚರ್ಮದ ನಡುವೆ ಕುಣಿವ ಶಿವ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ನೋಡುತ್ತ ಬರುವವರು ಗಜಾಸುರ ಸಂಹಾರದ ಶಿಲ್ಪದ ಮುಂದೆ ತಾವಾಗಿಯೇ ನಿಲ್ಲುತ್ತಾರೆ.

ಆನೆಯ ರೂಪದ ಅಸುರನನ್ನು ಶಿವ ಕೊಂದಿದ್ದಾನೆ. ಅಸುರನ ತಲೆಯನ್ನು ಮೆಟ್ಟಿ, ಸುಲಿದ ಚರ್ಮವನ್ನು ಮೇಲಿನ ಕೈಗಳಿಂದ ಎತ್ತಿ ಹರಡಿ, ಅದರ ನಡುವೆ ಕುಣಿಯುತ್ತಿದ್ದಾನೆ. ಆ ಚರ್ಮವೇ ದೇವರ ಸುತ್ತ ಪ್ರಭಾವಳಿಯಂತೆ ಬಾಗಿದೆ. ಮೊಣಕಾಲಿನ ಮಡಿಕೆ, ಸೊಂಟದ ತಿರುವು, ಎತ್ತಿದ ಕೈಗಳು ಎಲ್ಲವೂ ಒಂದೇ ಲಯಕ್ಕೆ ಒಳಪಟ್ಟಿವೆ. ಸಂಹಾರವನ್ನು ನೃತ್ಯವಾಗಿ ಕಂಡದ್ದೇ ಈ ಶಿಲ್ಪಿಯ ಹೆಚ್ಚುಗಾರಿಕೆ.

ಅಸುರ ಸಂಹಾರದ್ದೇ ಇನ್ನೊಂದು ಕಥೆಯನ್ನು, ದುರ್ಗೆ ಮಹಿಷನನ್ನು ಎದುರಿಸಿದ್ದನ್ನು, ಮಹಾಬಲಿಪುರದ ಗುಹೆಯಲ್ಲಿ ಕೆತ್ತುವಾಗ ಏಳನೆಯ ಶತಮಾನದ ಪಲ್ಲವ ಶಿಲ್ಪಿ ಬೇರೆಯೇ ಗಳಿಗೆಯನ್ನು ಆರಿಸಿಕೊಂಡ. ಅಲ್ಲಿ ಯುದ್ಧ ಇನ್ನೂ ಮುಗಿದಿಲ್ಲ. ಸಿಂಹವೇರಿದ ದುರ್ಗೆ ಬಿಲ್ಲೆತ್ತಿ ಮುನ್ನುಗ್ಗುತ್ತಾಳೆ. ಕೋಣದ ತಲೆಯ ಮಹಿಷ ಗದೆ ಹಿಡಿದೇ ಹಿಂದಕ್ಕೆ ಸರಿಯುತ್ತಾನೆ. ಅದು ಗಡಸು ಗ್ರಾನೈಟ್; ಒಡವೆಗಳ ಕುಸುರಿಗಿಂತ ಮೈಯ ನಿಲುವಿಗೇ ಅಲ್ಲಿ ಒತ್ತು.

ಹಳೇಬೀಡಿನ ಗುಡಿ ಕಟ್ಟಿದ ಹೊಯ್ಸಳರಿಗೆ ಸಿಕ್ಕಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಹಾರದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸಲು ಉಳಿಗೆ ಅವಕಾಶ ಸಿಕ್ಕಿದ್ದು ಅದರಿಂದಲೇ. ಆದರೆ ಕಲ್ಲು ಕೊಟ್ಟದ್ದು ಅವಕಾಶವನ್ನು ಮಾತ್ರ. ಕುಣಿತ ಶಿಲ್ಪಿಯ ಕಣ್ಣಿನದು.

ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಹೊಯ್ಸಳೇಶ್ವರ ಗುಡಿಯ ಕೆಲಸ ಶುರುವಾಯಿತು. 1311ರಲ್ಲಿ ದೆಹಲಿ ಸುಲ್ತಾನರ ಸೇನಾಪತಿ ಮಲಿಕ್ ಕಾಫರನ ಸೈನ್ಯ ಹೊಯ್ಸಳರ ರಾಜಧಾನಿಯಾಗಿದ್ದ ಈ ಊರಿನ ಮೇಲೆ ಎರಗಿತು. 2023ರಲ್ಲಿ ಬೇಲೂರು, ಸೋಮನಾಥಪುರಗಳ ಜೊತೆಗೆ ಹಳೇಬೀಡೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಗೆ ಹೋಗುವವರು ದಯವಿಟ್ಟು ಈ ಶಿಲ್ಪಗಳಿಗೆ ಒರಗದೆ, ಮುಟ್ಟದೆ, ಬಿಡುವು ಮಾಡಿಕೊಂಡು ನೋಡಿ.